ಏಳೂವರೆಯ ಸೀರಿಯಲ್

೧೭-೧-೯೯, ರವಿವಾರ, ಸಂಜೆ ೫

ಮಧ್ಯಾಹ್ನದ ಸಿನೆಮಾ ಈಗ ಮುಗಿಯಿತು. ಕಪ್ಪು-ಬಿಳುಪಿನದು. ರೈಲ್ವೆ ಸ್ಟೇಷನ್ನಿನಲ್ಲಿ ಅಗಲಿದ ಅಣ್ಣ-ತಮ್ಮ, ಇಪ್ಪತ್ತು ವರ್ಷದ ಮೇಲೆ ಕೋರ್ಟಿನಲ್ಲಿ ಭೇಟಿ. ಒಬ್ಬ ಜಡ್ಜ್, ಒಬ್ಬ ಆರೋಪಿ. ಗುರುತು ಸಿಕ್ಕಿದ್ದು ತೋಳಿನ ಹಚ್ಚೆಯಿಂದ. ಇಪ್ಪತ್ತು ವರ್ಷ ಆ ಜಡ್ಜ್ ಅಂಗಿಯ ತೋಳು ಮಡಚಿಯೇ ಇರಲಿಲ್ಲವೇ? ತಾಯಿ ಪಾತ್ರದವಳು ಮಾತ್ರ ಚಲೋ. ಅಳುವುದಿಲ್ಲ, ಅಳು ತಡೆಯುತ್ತಾಳೆ. ಅದೇ ಕಷ್ಟದ್ದು. ಹತ್ತಕ್ಕೆ ಐದು. ಐದೂ ತಾಯಿಗೆ.

ನಡುವೆ ಎರಡು ಸಲ ಕರೆಂಟ್ ಹೋಯಿತು. ಸಿಂದಗಿಯಲ್ಲಿ ಕೂತು ಯಾವ ಸಿನೆಮಾವನ್ನೂ ಪೂರ್ತಿ ನೋಡಿದ್ದೇನೆ ಎಂದು ಹೇಳುವ ಹಾಗಿಲ್ಲ.

ಅತ್ತೆ ಪಡಸಾಲೆಯಲ್ಲೇ ನಿದ್ದೆ. ಅವರಿಗೆ ಸಿನೆಮಾ ಬೇಡ, ರಾತ್ರಿ ಏಳೂವರೆಯ ಸೀರಿಯಲ್ ಒಂದೇ ಸಾಕು. ಇವರು ಅಂಗಡಿಯಿಂದ ಊಟಕ್ಕೆ ಬಂದರು, ಟಿವಿ ಕಡೆ ನೋಡದೆ ಉಂಡು ಹೋದರು. ಬೀಜ-ಗೊಬ್ಬರದ ಅಂಗಡಿಗೆ ರವಿವಾರದ ಸೂಟಿ ಇಲ್ಲ. ಈ ಡೈರಿಯೂ ಔಷಧ ಕಂಪನಿಯವರು ಅಂಗಡಿಗೆ ಕೊಟ್ಟದ್ದು. ಪ್ರತಿ ಪುಟದ ಕೆಳಗೆ ಹತ್ತಿಯ ಕಾಯಿಕೊರಕ ಹುಳದ ಚಿತ್ರ. ಮದುವೆಯಾಗಿ ಎಂಟು ವರ್ಷ, ಎಂಟು ಡೈರಿ. ಎಲ್ಲದರಲ್ಲೂ ಮೇಲೆ ಸಿನೆಮಾ, ಕೆಳಗೆ ಹುಳ.

೨೧-೧-೯೯, ಗುರುವಾರ

ಸುಗ್ರಾ ಜೊತೆ ಮ್ಯಾಟ್ನಿ. ಎದುರು ಮನೆಯವಳು, ಬ್ಲೌಸ್ ಹೊಲಿಯುತ್ತಾಳೆ. ಗಿರಾಕಿಗಳಿಗೆ "ನಾಳೆ ಬರ್ರಿ" ಎಂದು ಹೇಳಿ ನನ್ನ ಜೊತೆ ಟಾಕೀಜಿಗೆ ಬರುತ್ತಾಳೆ.

ಇನ್ಸ್‌ಪೆಕ್ಟರ್ ಸಿನೆಮಾ. ಮಳೆಯಲ್ಲಿ ಹನ್ನೆರಡು ಮಂದಿಯನ್ನು ಹೊಡೆದರೂ ಹೀರೋನ ಬೈತಲೆ ಕೆಡಲಿಲ್ಲ. ವಿಲನ್ ಪ್ರತಿ ಮಾತಿಗೂ ನಗುತ್ತಾನೆ. ನಗಲಿಕ್ಕೆ ಏನಿದೆ ಎಂದು ಕೊನೆವರೆಗೂ ತಿಳಿಯಲಿಲ್ಲ. ನಾನು ಡೈಲಾಗ್ ಕೇಳುತ್ತಿದ್ದರೆ ಸುಗ್ರಾ ಮೊಣಕೈಯಿಂದ ತಿವಿದಳು.

"ಹೀರೋಯಿನ್ ಬ್ಲೌಸ್ ನೋಡಿದೇನು? ಅಡಗಿಮನ್ಯಾಗ ಉದ್ದ ತೋಳು ಇತ್ತು. ಬಾಗಲಾ ದಾಟಿ ಹೊರಗ ಬಂದ್ಲು, ಗಿಡ್ಡ ತೋಳು ಆತು!"

ನನಗಿಂತ ಒಳ್ಳೆಯ ವಿಮರ್ಶಕಿ. ಹತ್ತಕ್ಕೆ ಮೂರು.

೨-೨-೯೯, ಮಂಗಳವಾರ

ಸೀರಿಯಲ್ಲಿನ ಸೌದಾಮಿನಿಗೆ ಮಕ್ಕಳಾಗುವುದಿಲ್ಲವೆಂದು ಡಾಕ್ಟರ್ ಹೇಳಿದರು. ಹೇಳಲಿಕ್ಕೆ ಮೂರು ಕಂತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು, ಜಾಹೀರಾತು ಬಂತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಏನ್ ಜಲ್ಮ ಅಕೀದು" ಎಂದರು. ನನ್ನ ಕಡೆ ನೋಡಲಿಲ್ಲ. ನೋಡುತ್ತಿಲ್ಲ ಎಂಬುದು ನನಗೆ ಗೊತ್ತಾಗುವ ಹಾಗೆ ನೋಡಲಿಲ್ಲ.

ನನ್ನ ಸೊಲ್ಲಾಪುರದ ಡಾಕ್ಟರ್ ಕನ್ನಡಕ ತೆಗೆದಿರಲಿಲ್ಲ. ೯೬ರಲ್ಲಿ. ಚೀಟಿ ಬರೆಯುತ್ತಲೇ ಹೇಳಿದ್ದರು: ನಿಮ್ಮಲ್ಲಿ ಏನೂ ದೋಷ ಇಲ್ಲ, ಮುಂದಿನ ಸಲ ಯಜಮಾನರನ್ನು ಕರೆದುಕೊಂಡು ಬನ್ನಿ. ಇವರು ಹೊರಗೆ ಬೆಂಚಿನ ಮೇಲಿದ್ದರು. ಹೇಳಿದೆ. "ಬಿತ್ತಿಗಿ ಸೀಜನ್ ಮುಗೀಲಿ" ಅಂದರು. ಮೂರು ಸೀಜನ್ ಮುಗಿದವು. ಎರಡು ಸಲ ನೆನಪು ಮಾಡಿದೆ. ಆಮೇಲೆ ಬಿಟ್ಟೆ. ಕೇಳಿದಾಗ ಅವರ ಮುಖ ಆಗುತ್ತಿದ್ದ ರೀತಿ ನೋಡಲಾಗಲಿಲ್ಲ...

೧೦-೨-೯೯, ಬುಧವಾರ

ಸೌದಾಮಿನಿ ತನ್ನ ತಂಗಿ ಕುಮುದಾಳನ್ನು ಗಂಡನಿಗೆ ಎರಡನೇ ಹೆಂಡತಿಯಾಗಿ ತಾನೇ ತರುವ ನಿರ್ಧಾರ ಮಾಡಿದಳು. ಹಿಂದೆ ವೀಣೆ. ಒಬ್ಬಳು ತನ್ನ ಕೋಣೆಯನ್ನು ತಂಗಿಗೆ ಬಿಟ್ಟುಕೊಡುವಾಗ ವೀಣೆ ಬಾರಿಸುವವರು ಯಾರು? ಹೊಡೆದಾಟಕ್ಕೆ ಕೊನೆಗಾದರೂ ಬರುವ ಪೊಲೀಸರು ಇಂಥ ಮದುವೆಗೆ ಬರುವುದೇ ಇಲ್ಲ. ಗಂಡನ ಪಾತ್ರಧಾರಿ ಕಿಟಕಿಯ ಹೊರಗೆ ನೋಡುತ್ತಾ ನಿಂತಿರುತ್ತಾನೆ. ಅಷ್ಟೇ ನಟನೆ.

"ಹೆಣ್ಣಂದ್ರ ಹಿಂಗಿರಬೇಕು ನೋಡು ರಾಜೀ. ಎಷ್ಟ ದೊಡ್ಡ ಮನಸು!" ಅತ್ತೆ.

ಹತ್ತಕ್ಕೆ ಒಂದು. ಅದೂ ಸೀರೆಗೆ.

೧೪-೨-೯೯, ರವಿವಾರ

ಸಿನೆಮಾ ತಪ್ಪಿತು. ಮೋರಟಗಿಯಿಂದ ನನ್ನ ತವರಿನ ಶ್ರೀಶೈಲಪ್ಪ ಕಾಕಾ ಬಂದರು, ಮಗಳು ಐಶ್ವರ್ಯಾಳನ್ನು ಕರೆದುಕೊಂಡು. ಅವಳದು ಪಿಯುಸಿ ಎರಡನೇ ವರ್ಷ, ಇಲ್ಲೇ ಸಿಂದಗಿ ಕಾಲೇಜು, ದಿನಾ ಬಸ್ಸು. ಪರೀಕ್ಷೆ ಮುಗಿಯುವ ತನಕ ನಮ್ಮಲ್ಲೇ ಇರಲಿ ಎಂದು ಅತ್ತೆ ಹೇಳಿ ಕಳಿಸಿದ್ದರಂತೆ. ನನಗೆ ಹೇಳಿರಲಿಲ್ಲ. ಕಾಕಾ ನನ್ನ ಜೊತೆ ಮಾತಾಡುವಾಗ ನೆಲ ನೋಡಿದರು.

ಐಶ್ವರ್ಯಾ ಅಡುಗೆಮನೆಗೆ ಬಂದು ಕಟ್ಟೆ ಹತ್ತಿ ಕೂತಳು. ನನ್ನ ಹಾಗೆ ಅವಳೂ ಸಿನೆಮಾ ಹುಚ್ಚಿನವಳು.

"ಅಕ್ಕಾ, ಏಳೂವರಿ ಸೀರಿಯಲ್ ನೋಡ್ತಿಯೇನು? ಆ ಸೌದಾಮಿನಿಗೆ ತಲಿ ಕೆಟ್ಟೈತೇನು? ತಂಗಿಗೆ ಒಂದ ಮಾತರ ಕೇಳಬೇಕಲ್ಲ!"

ಅವಳಿಗೆ ಏನೂ ಗೊತ್ತಿಲ್ಲ. ಹತ್ತೊಂಬತ್ತು ವರ್ಷ. ನಾನು ಸೋಸಿದ ಮೆಂತೆಯನ್ನೇ ಮತ್ತೆ ಸೋಸಿದೆ.

೩-೩-೯೯, ಬುಧವಾರ

ಹದಿನೇಳು ದಿನ ಬರೆದಿಲ್ಲ. ಸಿನೆಮಾನೂ ನೋಡಿಲ್ಲ. ಸೀರಿಯಲ್ ಮಾತ್ರ ಕಿವಿಗೆ ಬೀಳುತ್ತದೆ—ಇರುವುದೊಂದೇ ಪಡಸಾಲೆ.

ನಿನ್ನೆ ಐಶ್ವರ್ಯಾ ಗೆಳತಿಯ ಮನೆಗೆ ನೋಟ್ಸ್ ತರಲು ಹೋಗಿದ್ದಳು. ಆಗ ಅತ್ತೆ ಇವರ ಎರಡನೇ ಮದುವೆಯ ಮಾತನ್ನು ಬಾಯಿ ಬಿಟ್ಟು ಹೇಳಿದರು.

"ಹೊರಗಿನಾಕಿ ಬಂದ್ರ ನಿನಗ ತ್ರಾಸು. ನಿಮ್ಮ ಕಾಕಾನ ಮಗಳಾದ್ರ ನಿನಗ ತಂಗಿ. ನಿನ್ನ ಮಾತು ಮೀರೂದಿಲ್ಲ. ನಾ ಏನ್ ನಿನ್ನ ಮನಿ ಬಿಟ್ಟು ಹೋಗು ಅನ್ನಾಕತ್ತೇನೇನು?"

"ಕಾಕಾಗ ಕೇಳೀರಿ?"

"ಕೇಳೇನಿ. ಪರೀಕ್ಷಾ ಮುಗೀಲಿ ಅಂದಾರ."

ಇವರು ಅಲ್ಲೇ ಕುರ್ಚಿಯಲ್ಲಿದ್ದರು. ಟಿವಿಯಲ್ಲಿ ಬಟ್ಟೆ ಸೋಪಿನ ಜಾಹೀರಾತು. ಎಂಟು ವರ್ಷದಲ್ಲಿ ಇವರು ಟಿವಿಯನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೇ ಮೊದಲು. ಹೂಂ ಇಲ್ಲ, ಉಹೂಂ ಇಲ್ಲ.

ನಾನೂ ಎದ್ದು ಹಾಲು ಕಾಯಿಸಲು ಹೋದೆ. ನಾಚಿಕೆಯಾಗುತ್ತದೆ ಬರೆಯಲು.

೭-೩-೯೯, ರವಿವಾರ

ಸುಗ್ರಾಗೆ ಎಲ್ಲ ಹೇಳಿದೆ. ಮಶಿನ್ ನಿಲ್ಲಿಸಿ ಕೇಳಿದಳು. ನಾನೇ, ನನ್ನ ಚಟದಂತೆ, ಸಿನೆಮಾಗೆ ಹೊರಳಿದೆ. ಮಕ್ಕಳಾಗದ ಹೆಂಡತಿಯ ಸಿನೆಮಾ ಇಲ್ಲಿಯವರೆಗೆ ಐದು ನೋಡಿದ್ದೇನೆ, ಸೀರಿಯಲ್ ಎರಡು. ಒಂದರಲ್ಲಿ ಹರಕೆ, ಒಂದರಲ್ಲಿ ಹಾವು, ಒಂದರಲ್ಲಿ ಅನಾಥ ಕೂಸು ಬಾಗಿಲಲ್ಲಿ. ಉಳಿದವುಗಳಲ್ಲಿ ಎರಡನೇ ಮದುವೆ. ಏಳರಲ್ಲಿ ಒಂದರಲ್ಲೂ ಗಂಡನನ್ನು ಯಾವ ಡಾಕ್ಟರೂ ಒಳಗೆ ಕರೆಯಲಿಲ್ಲ.

ಸುಗ್ರಾ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ಸಿನಿಮಾದವ್ರನ್ನ ಬೈಬ್ಯಾಡ. ನೀ ನಿನ್ನ ಗಂಡನ್ನ ಮತ್ತ ಕರಿದೇನು?"

೯-೩-೯೯, ಮಂಗಳವಾರ

ಆಯಿತು. ಈಗಲೇ ಬರೆದಿಡುತ್ತೇನೆ.

ಸೀರಿಯಲ್ಲಿನಲ್ಲಿ ಇವತ್ತು ಮದುವೆ. ಸೌದಾಮಿನಿ ತಾನೇ ಹಾರ ತಂದು ತಂಗಿಯ ಕೈಗಿಟ್ಟಳು. ಅತ್ತೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಇವರು ಕುರ್ಚಿಯಲ್ಲಿ. ಐಶ್ವರ್ಯಾ ಒಳಕೋಣೆಯಲ್ಲಿ ಪುಸ್ತಕ ಹಿಡಿದಿದ್ದಳು. ನಾನು ಟಿವಿ ಬಂದ್ ಮಾಡಲಿಲ್ಲ. ಅದು ನಡೆದೇ ಇತ್ತು.

"ಅತ್ತಿ, ಆ ಡಾಕ್ಟರು ಗಂಡನ್ನ ಯಾಕ ತಪಾಸ ಮಾಡ್ಲಿಲ್ರಿ?"

"ಅಂವಗ ಏನಾಗೇತಿ?"

"ಏನಾಗೇತೋ ಇಲ್ಲೋ ನೋಡಿದವ್ರ್ಯಾರು? ನನ್ನ ಸೊಲ್ಲಾಪುರದ ಡಾಕ್ಟರು ನಿನ್ನೊಳಗ ಕುಂದಿಲ್ಲ, ಗಂಡನ್ನ ಕರ್ಕೊಂಡು ಬಾ ಅಂದು ಮೂರು ವರ್ಷ ಆತ್ರಿ. ಇವ್ರು ಬಂದಿಲ್ಲ."

ಅತ್ತೆಯ ಮುಖ ನೋಡಿದೆ. ಅವರಿಗೆ ಗೊತ್ತೇ ಇರಲಿಲ್ಲ. ಮೂರು ವರ್ಷ ಇವರು ತಾಯಿಗೆ ಹೇಳಿಯೇ ಇರಲಿಲ್ಲ. ಹೇಳಿರುತ್ತಾರೆ, ಗೊತ್ತಿದ್ದೂ ಮುದುಕಿ ಹೀಗೆ ಮಾಡುತ್ತಾಳೆ ಎಂದು ಮೂರು ವರ್ಷ ನಾನು ಅವರನ್ನು ಒಳಗೊಳಗೇ ಬೈದಿದ್ದೇನೆ.

"ಅನೀಲಾ, ಹೌದೇನು?" ಅತ್ತೆ ಮಗನನ್ನು ಕೇಳಿದರು.

ಇವರು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಒಳಗಿನಿಂದ ಐಶ್ವರ್ಯಾ ಬಂದಳು. ಮುಖ ಕೆಂಪಗೆ. ತನ್ನನ್ನು ಇಲ್ಲಿಗೆ ಯಾಕೆ ಕರೆಸಿದ್ದೆಂದು ಅವಳಿಗೆ ಈಗ ಹೊಳೆದಿತ್ತು. ನನ್ನ ಕಡೆ ನೋಡದೆ ನೇರ ಅತ್ತೆಯ ಮುಂದೆ ನಿಂತಳು.

"ಆಯೀ, ನಾ ಪರೀಕ್ಷಾ ಬರ್ಯಾಕ ಬಂದೇನಿ. ಬ್ಯಾರೆ ಯಾವುದಕ್ಕೂ ಬಂದಿಲ್ಲ. ಹೌದಂದ್ರ ಇರ್ತೇನಿ, ಇಲ್ಲಾಂದ್ರ ಮುಂಜಾನಿ ಬಸ್ಸಿಗೆ ಹೋಗ್ತೇನಿ."

ಅತ್ತೆ ಎದ್ದು ಟಿವಿ ಬಂದ್ ಮಾಡಿದರು. ಆಮೇಲೆ "ಓದ್ಕೋ ಹೋಗವಾ" ಅಂದರು.

೧೦-೩-೯೯

ಮುಂಜಾನೆ ಅತ್ತೆ ಇವರಿಗೆ: "ಸೋಮವಾರ ಅಂಗಡಿ ತೆಗೀಬ್ಯಾಡ. ಇಬ್ರೂ ಸೊಲ್ಲಾಪುರಕ್ಕ ಹೋಗಿ ಬರ್ರಿ." ಅಷ್ಟೇ. ಏಳೂವರೆಗೆ ಟಿವಿ ಹಚ್ಚಲಿಲ್ಲ.

೧೫-೩-೯೯, ಸೋಮವಾರ

ಸೊಲ್ಲಾಪುರ ಮುಟ್ಟಲಿಲ್ಲ.

ಇಂಡಿ ದಾಟಿ ಝಳಕಿಯಲ್ಲಿ ಬಸ್ಸು ಬದಲಿಸಲು ಇಳಿದೆವು. ಹೈವೇ ಪಕ್ಕದ ಚಹಾದ ಅಂಗಡಿ. ಬೆಂಚು. ಲಾರಿಗಳ ಸದ್ದು. ಸೊಲ್ಲಾಪುರದ ಬಸ್ಸು ಬಂತು. ನಾನು ಎದ್ದೆ. ಇವರು ಏಳಲಿಲ್ಲ.

"ಹೋಗೂದು ಬ್ಯಾಡ ರಾಜೀ."

"ಯಾಕ್ರಿ?"

"ನಾ ಮಾಡಿಸೇನಿ. ತಪಾಸ."

ಬಸ್ಸು ಹೋಯಿತು. ಯಾವಾಗ ಎಂದು ಕೇಳಿದೆ. ೯೬ರಲ್ಲೇ, ದೀಪಾವಳಿಗಿಂತ ಮುಂಚೆ, ವಿಜಾಪುರದಲ್ಲಿ. ಮಾಲು ತರಲು ಹೋಗುತ್ತೇನೆ ಎಂದು ಹೇಳಿ ಎರಡು ಸಲ ಹೋಗಿದ್ದರಂತೆ.

"ಏನಂದ್ರು?"

"ಆಗೂದಿಲ್ಲ ಅಂದ್ರು. ಕುಂದು ನಂದ."

ಸಿನೆಮಾದಲ್ಲಾದರೆ ಇಲ್ಲಿ ಗುಡುಗು ಬರುತ್ತದೆ, ಕ್ಯಾಮರಾ ಮೂರು ಸಲ ಮುಖಕ್ಕೆ ಬರುತ್ತದೆ. ಇಲ್ಲಿ ಚಹಾದವನು ಬಂದು ಖಾಲಿ ಗ್ಲಾಸು ಒಯ್ದ. ಪರದೆಯ ಮೇಲೆ ಸುಳ್ಳು ನಟನೆ ಕಂಡರೆ ಅರ್ಧ ನಿಮಿಷದಲ್ಲಿ ಹಿಡಿಯುತ್ತೇನೆ ಎಂದು ಎಂಟು ಡೈರಿ ತುಂಬ ಜಂಬ ಕೊಚ್ಚಿದ್ದೇನೆ. ಮನೆಯಲ್ಲಿ ಒಬ್ಬರು ಮೂರು ವರ್ಷ ಮಾಡಿದ್ದು ಹಿಡಿಯಲಾಗಲಿಲ್ಲ.

ಕೇಳಲೇಬೇಕಾದ ಒಂದು ಮಾತಿತ್ತು. ಕೇಳಿದೆ.

"ಗೊತ್ತಿದ್ದೂ ಗೊತ್ತಿದ್ದೂ ಐಶ್ವರ್ಯಾನ್ನ ಮಾಡ್ಕೊಂಡು ಏನ್ ಮಾಡಾವ್ರಿದ್ರಿ?"

"ಅವ್ವ ಮಾತಾಡಾಕತ್ತಿದ್ಲು. ನಾ ಹೂಂ ಅಂದಿಲ್ಲ."

"ಒಲ್ಲೆ ಅಂತನೂ ಅಂದಿಲ್ಲ."

ಇವರು ಮುಖ ಮುಚ್ಚಿಕೊಂಡರು. ಭುಜ ಅಲುಗಿತು. ನಾನು ಸಮಾಧಾನ ಮಾಡಲಿಲ್ಲ. ಇನ್ನೆರಡು ಬಸ್ಸು ಹೋದವು. ಆಮೇಲೆ ಹೇಳಿದೆ: "ಅತ್ತಿ ಮುಂದ ನೀವ ಹೇಳಬೇಕ್ರಿ. ನಾ ಹೇಳೂದಿಲ್ಲ." ಸಿಂದಗಿ ಬಸ್ಸು ಹತ್ತಿದೆವು. ಇವರು ಮುಂದೆ, ನಾನು ಹೆಂಗಸರ ಸೀಟಿನಲ್ಲಿ.

೧೬-೩-೯೯, ಮಂಗಳವಾರ

ನಿನ್ನೆ ಸಂಜೆ ಇವರು ಹೇಳಿದರು. ನಾಲ್ಕು ಮಾತು. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಮಗನನ್ನು ಬೈಯಲಿಲ್ಲ, ನನಗೆ ತಪ್ಪಾಯಿತು ಅನ್ನಲೂ ಇಲ್ಲ. ಎದ್ದು ಸೀರೆ ಸರಿ ಮಾಡಿಕೊಂಡು, "ನಡಿ ರಾಜೀ, ಫೋನ್ ಹಚ್ಚಿ ಕೊಡು ನನಗ" ಅಂದರು.

ಎಸ್‌ಟಿಡಿ ಬೂತಿನಲ್ಲಿ ಐದಾರು ಮಂದಿ ನಿಂತಿದ್ದರು. ಎಲ್ಲ ನಮ್ಮ ಓಣಿಯವರೇ. ಮೋರಟಗಿಯಲ್ಲಿ ಕಾಕಾನ ಪಕ್ಕದ ಮನೆಗೆ ಹಚ್ಚಿ, ಕಾಕಾ ಬರುವ ತನಕ ಕಾದೆವು. ಅತ್ತೆಗೆ ಫೋನಿನಲ್ಲಿ ಕೂಗದೆ ಮಾತಾಡಲು ಬರುವುದಿಲ್ಲ.

"ಶ್ರೀಶೈಲಪ್ಪಾ, ಆ ಮಾತು ಬಿಟ್ಟುಬಿಡ್ರಿ. ನಿಮ್ಮ ಹುಡುಗಿ ಪರೀಕ್ಷಾ ಮುಗಿಸಿ ಮನಿಗೆ ಬರ್ತಾಳ. ಹಾಂ? ಇಲ್ಲ, ರಾಜೀಂದು ಏನೂ ಇಲ್ಲ. ಕುಂದು ನಮ್ಮ ಕಡೆ ಐತಿ. ನಮ್ಮ ಕಡೆ!"

ಬೂತಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಎಂಟು ವರ್ಷದಿಂದ ಈ ಓಣಿಯ ಹೆಂಗಸರು ನನ್ನ ಮುಂದೆ ತೊಟ್ಟಿಲ ಶಾಸ್ತ್ರದ ಸುದ್ದಿ ಬಂದರೆ ಮಾತು ಬದಲಿಸುತ್ತಿದ್ದರು. ಮನೆಗೆ ಬರುವಾಗ ಅತ್ತೆ ಬೇಗ ಬೇಗ ನಡೆದರು. ನನಗೆ ಅವರ ಸರಿಸಮ ನಡೆಯಲಾಗಲಿಲ್ಲ.

೨೮-೩-೯೯, ರವಿವಾರ

ಐಶ್ವರ್ಯಾಳ ಕೋಣೆಯಲ್ಲೇ ಹಾಸಿಕೊಳ್ಳುತ್ತಿದ್ದೇನೆ. ಅವಳು ಓದುತ್ತಾಳೆ. ಕನ್ನಡ, ಇಂಗ್ಲಿಷ್ ಪೇಪರ್ ಚಲೋ ಆಗಿವೆ.

ಸೀರಿಯಲ್ ಮತ್ತೆ ಹಚ್ಚುತ್ತಾರೆ. ಕುಮುದಾಳಿಗೆ ಈಗ ಮೂರು ತಿಂಗಳು. ಮದುವೆಯಾಗಿ ಇಪ್ಪತ್ತು ದಿನವೂ ಆಗಿಲ್ಲ. ಸೌದಾಮಿನಿ ಕೋಸಂಬರಿ ಮಾಡುತ್ತಾಳೆ. ಅತ್ತೆ ನಿನ್ನೆ ಟಿವಿಗೆ ಗದರಿಸಿದರು: "ಮದಲ ಆ ಗಂಡಸಂದು ತಪಾಸ ಮಾಡಿಸ್ರಿ!" ಐಶ್ವರ್ಯಾ ನಕ್ಕು ಹೊಟ್ಟೆ ಹಿಡಿದುಕೊಂಡಳು. ನನಗೂ ನಗು ಬಂತು.

ಮುಂಜಾನೆ ಬಚ್ಚಲಿಗೆ ನೀರು ತುಂಬುವಾಗ ಇವರು ಬಂದು ನಿಂತರು.

"ತವರಮನಿಗೆ ಹೋಗಿಬಿಡ್ತೀಯೇನು?"

"ನೀವು ಮೂರು ವರ್ಷ ತಗೊಂಡ್ರಿ. ನನಗೂ ಒಂದಿಷ್ಟು ದಿನಾ ಬೇಕ್ರಿ."

ತಲೆ ಆಡಿಸಿದರು. ಕೊಡ ಎತ್ತಿ ಹಂಡೆಗೆ ಸುರಿದು ಹೋದರು.

೧೧-೪-೯೯, ರವಿವಾರ, ಸಂಜೆ

ಪರೀಕ್ಷೆ ಮುಗಿಯಿತು. ಐಶ್ವರ್ಯಾ ಊರಿಗೆ ಹೋಗುವ ಮೊದಲು ಒಂದು ಸಿನೆಮಾ ಎಂದು ಹಟ ಹಿಡಿದಳು. ಸುಗ್ರಾ, ಅವಳು, ನಾನು. ಮ್ಯಾಟ್ನಿ.

ಕಥೆ ಇಷ್ಟು: ಗಂಡನಿಗೆ ಕೆಲಸ ಹೋಗಿರುತ್ತದೆ, ಹೆಂಡತಿಗೆ ಹೇಳುವುದಿಲ್ಲ, ದಿನಾ ಡಬ್ಬಿ ಕಟ್ಟಿಸಿಕೊಂಡು ಪಾರ್ಕಿನಲ್ಲಿ ಕೂತು ಬರುತ್ತಾನೆ. ಮೊದಲರ್ಧ ನಿಜಕ್ಕೂ ಚಲೋ. ಡಬ್ಬಿ ಬಿಚ್ಚುವ ದೃಶ್ಯದಲ್ಲಿ ಮಾತಿಲ್ಲ, ಸಂಗೀತ ಇಲ್ಲ. ಎರಡನೇ ಅರ್ಧದಲ್ಲಿ ಹೆಂಡತಿಗೆ ಗೊತ್ತಾಗುತ್ತದೆ, ಗುಡ್ಡದ ಮೇಲೆ ಒಂದು ಹಾಡು, ಅಪ್ಪುಗೆ, ಎಲ್ಲ ಸರಿ. ಹತ್ತಕ್ಕೆ ಆರು. ಹಾಡು ಇರದಿದ್ದರೆ ಎಂಟು.

ಇಂಟರ್‌ವಲ್‌ನಲ್ಲಿ ದೀಪ ಹತ್ತಿದಾಗ ಸುಗ್ರಾ ತಿವಿದಳು. ಗಂಡಸರ ಕಡೆ, ಕಂಬದ ಪಕ್ಕ, ಇವರು ಕೂತಿದ್ದರು. ಒಬ್ಬರೇ. ಇವರು ಟಾಕೀಜಿಗೆ ಬಂದದ್ದನ್ನು ಎಂಟು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ.

ಸಿನೆಮಾ ಬಿಟ್ಟ ಮೇಲೆ ಗೇಟಿನ ಹತ್ತಿರ ಸ್ಕೂಟರ್ ಹಿಡಿದು ನಿಂತಿದ್ದರು. ಸುಗ್ರಾ ಐಶ್ವರ್ಯಾಳ ಕೈ ಹಿಡಿದು ಮುಂದೆ ಎಳೆದುಕೊಂಡು ಹೋದಳು. ಇವರು ಸ್ಕೂಟರ್ ಚಾಲು ಮಾಡಲಿಲ್ಲ, ತಳ್ಳುತ್ತಾ ಬಂದರು. ನಾನು ಈ ಬದಿ. ಬಸ್‌ಸ್ಟ್ಯಾಂಡ್ ದಾಟಿದೆವು. ಆಮೇಲೆ—

"ಹೆಂಗಿತ್ತು ಸಿನಿಮಾ?"

ಮದುವೆಯಾದಾಗಿನಿಂದ ಕೇಳಿರಲಿಲ್ಲ. ಹೇಳಿದೆ.

"ಒಂದ ಹಾಡಿನ್ಯಾಗ ಎಲ್ಲಾ ಸರಿ ಆಗಿಬಿಡ್ತೈತಿ. ಅದು ಸುಳ್ಳ್ರಿ."

ಇವರು ಸ್ಕೂಟರ್ ನಿಲ್ಲಿಸಿದರು.

"ಹಂಗಾದ್ರ ಎಷ್ಟು ಹಾಡು ಬೇಕು?"

ಚೇಷ್ಟೆಗೆ ಕೇಳಿದ್ದಲ್ಲ. ಮುಖ ನೋಡಿದೆ, ಈ ಸಲ ಸರಿಯಾಗಿ ನೋಡಿದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಸೆರಗು ಅಡ್ಡ ಹಿಡಿದುಕೊಂಡು ನಾನು ಅಂದೆ: "ಹಾಡಿನಿಂದ ಆಗೂದಲ್ರಿ ಇದು. ತಳ್ಳ್ರಿ ಸ್ಕೂಟರ್, ಮನಿ ಇನ್ನೂ ದೂರ ಐತಿ."