ಲಕ್ಷದ ಮೇಲೆ ಎಂಟು

ಹೊಸಕೊಪ್ಪಲು,
ಫ್ರೇಜರ್‌ಪೇಟೆ ಅಂಚೆ, ಕೊಡಗು ರಾಜ್ಯ
೧೬-೧೧-೧೯೫೩, ಸೋಮವಾರ

ಸಿದ್ದಾಪುರದಲ್ಲಿರುವ ಮಗಳು ಮುತ್ತಮ್ಮನಿಗೆ ಅವ್ವನ ಆಶೀರ್ವಾದ.

ಇವತ್ತು ಕಾರ್ತೀಕ ಸೋಮವಾರ, ಉಪವಾಸ. ಕೊಟ್ಟಿಗೆ ಬಳಿದು, ಹಾಲು ಕರೆದು, ಹೊಸಿಲು ತೊಳೆದು ಈಗ ಕೂತಿದ್ದೇನೆ. ಕಾಗದ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಕೈತುಂಬ ಹತ್ತಿಯೇ ಇತ್ತು. ಈ ಸಲ ಈಶ್ವರನ ಗುಡಿಯ ಲಕ್ಷಬತ್ತಿಗೆ ನಾನೇ ಮುಂದೆ ನಿಂತೆ.

ಎರಡು ವರ್ಷದ ಹಿಂದೆ ನೀನು ಹರಕೆ ಹೊತ್ತು ಲಕ್ಷ ಬತ್ತಿ ಹೊಸೆದೆ. ನೂರೆಂಟರ ಕಟ್ಟು ಕಟ್ಟುವಾಗ ಕೊನೆಯ ಕಟ್ಟಿಗೆ ಎಂಟು ಕಮ್ಮಿ ಬಂತು. ತುಂಬದ ಕಟ್ಟನ್ನು ದೇವರ ಮುಂದೆ ಇಡುವಂತಿಲ್ಲ, ಹರಕೆ ಮುರಿಯಿತು ಎಂದು ಗುಡಿಯ ಯಜಮಾನ ಜವರಪ್ಪನವರು ಎಲ್ಲರೆದುರು ಅಂದರು. ಅವತ್ತಿನಿಂದ ನೀನು ಈ ಗುಡಿಗೆ ಕಾಲಿಟ್ಟಿಲ್ಲ.

ಈಗ ಕೇಳು. ಈ ಸಲ ನಾನು ಎಣಿಸಿದ್ದನ್ನು ರಂಗಮ್ಮ ಮತ್ತೆ ಎಣಿಸಿ, ಸಾವಿರ ಸಾವಿರವಾಗಿ ಮೊರಕ್ಕೆ ಹಾಕಿದೆವು. ನಿನ್ನೆ ಕಟ್ಟು ಕಟ್ಟಿದರೆ ಕೊನೆಗೆ ಮತ್ತೆ ಅದೇ ಎಂಟು ಕಮ್ಮಿ! ಯಾರ ಕೈ ಸರಿಯಿಲ್ಲವೋ ಎಂದು ಜವರಪ್ಪನವರು ನಮ್ಮ ಮುಖ ನೋಡಿದರು. ನಾನು ಇದ್ದಿಲು ತಂದು ಕಲ್ಲುಹಾಸಿನ ಮೇಲೆ ಲೆಕ್ಕ ಬರೆದೆ. ಸಾವಿರಕ್ಕೆ ಒಂಬತ್ತು ಕಟ್ಟು ಕಟ್ಟಿದರೆ ಇಪ್ಪತ್ತೆಂಟು ಮಿಗುತ್ತದೆ. ನೂರು ಸಾವಿರಕ್ಕೆ ಮಿಗುವುದು ಎರಡು ಸಾವಿರದ ಎಂಟುನೂರು. ಅದರಲ್ಲಿ ಇನ್ನೂ ಇಪ್ಪತ್ತೈದು ಕಟ್ಟು ಕಟ್ಟಿದರೆ ಉಳಿಯುವುದು ಬರೀ ನೂರು. ಯಾರೇ ಹೊಸೆಯಲಿ, ಲಕ್ಷದ ಮೇಲೆ ಎಂಟು ಹಾಕದೆ ಆ ಕಟ್ಟು ತುಂಬುವುದೇ ಇಲ್ಲ.

"ಹಂಗಾದ್ರೆ ಲಕ್ಷ ದೇವ್ರಿಗೆ ಸಾಲಾಕಿಲ್ವಾ ನಿಂಗಮ್ಮ?" ಅಂದರು.

"ದೇವ್ರಿಗೆ ಸಾಲ್ತದೆ ಜವರಪ್ಪಣ್ಣ. ನಿಮ್ಮ ಕಟ್ಟಿಗೆ ಸಾಲಾಕಿಲ್ಲ," ಅಂದೆ.

ಅವರು ಇದ್ದಿಲು ಇಸಕೊಂಡು ತಾವೂ ಲೆಕ್ಕ ಮಾಡಿದರು. ನಿನ್ನ ಮಗಳಿಗೆ ಅನ್ಯಾಯದ ಮಾತಾಡಿಬಿಟ್ಟೆ ಎಂದರು. ಕೊರತೆಯ ಎಂಟನ್ನು ತಾವೇ ಹೊಸೆಯಲು ಕೂತರು. ಒಂದೊಂದೂ ಹೆಬ್ಬೆರಳ ದಪ್ಪ. "ಇದ್ರಲ್ಲಿ ದನಾನೇ ಕಟ್ಬೌದು ಕಣಣ್ಣ," ಎಂದು ರಂಗಮ್ಮ ಅಂದಾಗ ಗುಡಿ ತುಂಬ ನಗು. ಜವರಪ್ಪನವರೂ ನಕ್ಕರು. ಕಡೇ ಸೋಮವಾರ ಮೊದಲ ಕಟ್ಟನ್ನು ನೀನೇ ಹಚ್ಚಬೇಕೆಂದು ಹೇಳಿ ಕಳಿಸಿದ್ದಾರೆ.

ಈಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ನಿಂಗಮ್ಮ

ಇನ್ನೊಂದು ಮಾತು: ದೇವರಾಜು ಜ್ವರದಲ್ಲಿ ಮಲಗಿದ್ದಾಗ ನೀನು ಹೊತ್ತ ಹರಕೆ ಅದು. ಎಂಟು ಬತ್ತಿ ತಪ್ಪಿಸಿ ಗಂಡನನ್ನು ಕಳೆದುಕೊಂಡಳು ಎಂದು ನಿನ್ನ ಅತ್ತೆ ಹೆಣದ ಮುಂದೆ ಅಂದದ್ದನ್ನು ನೀನು ನಂಬಿಕೊಂಡೇ ಕೂತಿದ್ದೀಯ, ನನಗೆ ಗೊತ್ತು. ನೀನು ಲಕ್ಷ ಅಂದೆ, ಲಕ್ಷ ಕೊಟ್ಟೆ ಮಗಳೇ. ಶುಕ್ರವಾರ ನಿನ್ನ ಅಣ್ಣ ಸಣ್ಣಸ್ವಾಮಿ ಅಲ್ಲಿಗೆ ಬರುತ್ತಾನೆ, ಉತ್ತರ ಅವನ ಕೈಯಲ್ಲೇ ಕಳಿಸು. ಬರೆಯಲು ಆಗದಿದ್ದರೆ ನೀನೇ ಅವನ ಜೊತೆ ಬಸ್ಸು ಹತ್ತು.