ಬಸ್ಸು ತಿರುಗದ ಮೂಲೆ

ಮಾರ್ಚ್ ೯, ಭಾನುವಾರ.

"ನಾನು ಮಾತಾಡಿದ್ದು ಹೇಗಿತ್ತು?" ಎಂದು ಹೆಂಡತಿ ಕೇಳಿದರೆ "ಪರವಾಗಿಲ್ಲ" ಅಂದುಬಿಟ್ಟೆ. ನನ್ನ ಬಾಯಿಗಿಷ್ಟು!

ಚುನಾವಣೆಗೆ ನಿಂತಿರುವ ಇವಳು ಗೆದ್ದರೆ ಮೇಲಿನ ಬೀದಿಗೆ ಬಸ್ಸು ಬಿಡಿಸುತ್ತೇವೆ ಎಂದು ಇವಳ ಪಕ್ಷದವರು ಕರಪತ್ರ ಅಚ್ಚು ಹಾಕಿಸಿದ್ದರು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು ನಾನು. ಆ ಬೀದಿಯ ಮೂಲೆಯಲ್ಲಿ ಬಸ್ಸು ತಿರುಗುವುದಿಲ್ಲ ಎಂದು ನಿನ್ನೆ ಊಟದ ಹೊತ್ತಿಗೆ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ ಅಂದುಕೊಂಡಿದ್ದೆ.

ಇವತ್ತು ಶಾಲೆಯ ಸಭೆಯಲ್ಲಿ ಅದೇ ಕರಪತ್ರ ಎತ್ತಿ ಹಿಡಿದು, "ಇದರಲ್ಲೊಂದು ಮಾತು ತಪ್ಪಿದೆ. ಬನ್ನಿ, ತೋರಿಸ್ತೀನಿ" ಅಂದಳು. ಟೇಪು ತಂದಿದ್ದಳು! ನೂರು ಜನರನ್ನು ಮೂಲೆಗೆ ಕರೆದೊಯ್ದು, ಒಂದು ತುದಿ ನನ್ನ ಕೈಗೆ ಕೊಟ್ಟು ರಸ್ತೆ ಅಳೆದಳು. ಪಕ್ಷದ ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದಂತಾಗಿತ್ತು. "ಆಳೋ ಪಕ್ಷದವರ ಕೈಗೆ ನಾವೇ ಕೋಲು ಕೊಟ್ಟು ಹೊಡೆಸ್ಕೊಳ್ಳೋದೇನಮ್ಮ?" ಅಂದರು. ಇವಳು ಅತ್ತ ತಿರುಗಲೇ ಇಲ್ಲ.

ಮಂಡಿನೋವಿನಲ್ಲೇ ದಿನಾ ಆ ಏರು ಹತ್ತುವ ದರ್ಜಿಯಮ್ಮ, "ದೊಡ್ಡದು ಹಿಡಿಸಲ್ಲ ಅಂದ್ರೆ ಚಿಕ್ಕ ಬಸ್ಸೇ ಬಿಡಿಸಮ್ಮ" ಅಂದಳು.

"ಏನ್ರೀ, ಚಿಕ್ಕದು ತಿರುಗುತ್ತಾ?" ಎಂದು ಇವಳು ನನ್ನನ್ನೇ ಕೇಳಿದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಸಲೀಸಾಗಿ ತಿರುಗುತ್ತೆ" ಅಂದೆ.

ಕರಪತ್ರವನ್ನು ಅಲ್ಲೇ ಗೋಡೆಗೆ ಒತ್ತಿಟ್ಟು, 'ಬಸ್ಸು' ಎಂಬುದರ ಮೊದಲು 'ಚಿಕ್ಕ' ಎಂದು ಬರೆದು ಸಹಿ ಹಾಕಿದಳು. ನನ್ನ ಎದೆ ಉಬ್ಬಿದ್ದು ಅಂಗಿಯ ಗುಂಡಿಗಳಿಗೇ ಗೊತ್ತು.

ಈಗ ಮಲಗಿದ್ದಾಳೆ. ಮೇಜಿನ ಮೇಲೆ ಉಳಿದ ಕರಪತ್ರಗಳ ಕಟ್ಟು. ಐವತ್ತು ಪ್ರತಿಗಳಲ್ಲಿ ನಾನೇ 'ಚಿಕ್ಕ' ಎಂದು ಬರೆದಿಟ್ಟೆ. ಈ ಕಾಗೆಕಾಲು ಗುಬ್ಬಿಕಾಲು ಅಕ್ಷರ ಯಾರದೆಂದು ಅವಳಿಗೆ ಗೊತ್ತು. ಬಾಯಲ್ಲಿ ಬಾರದ್ದನ್ನು ಬೆಳಗ್ಗೆ ಓದಿಕೊಳ್ಳಲಿ. ಕೈ ಸೋತಿದೆ. ಇನ್ನೊಂದಿಪ್ಪತ್ತು ಬರೆದು ಮಲಗುತ್ತೇನೆ.