ಹಗೇವಿನ ಕಂದೀಲು

ಗೋರೆಗಾಂವ್, 12-3-87

ಅಬ್ಬಾ ಅವರಿಗೆ ದಸ್ತಗೀರನ ಸಲಾಂ.

ನಮ್ಮ ಸೋಡಾ ಫ್ಯಾಕ್ಟರಿಯ ನೆಲಮಾಳಿಗೆಯಲ್ಲಿ ಸೋಡಾಕ್ಕೆ ತುಂಬುವ ಗ್ಯಾಸಿನ ದೊಡ್ಡ ಟಾಂಕಿ ಇದೆ. ಸೋರಿದರೆ ವಾಸನೆಯಿಲ್ಲ, ಬಣ್ಣವಿಲ್ಲ. ತಗ್ಗಿನಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. ನೆಲದೊಳಗಿನ ಜೋಳದ ಹಗೇವಿಗೆ ಇಳಿಯುವ ಮುನ್ನ ನೀವು ಕಂದೀಲು ಇಳಿಬಿಟ್ಟು, ಅದು ಆರುತ್ತದೆಯೇ ಎಂದು ನೋಡುವುದನ್ನು ಚಹಾ ಕುಡಿಯುವಾಗ ಮೈಸೂರು ಕಡೆಯ ನಾಗಭೂಷಣನಿಗೆ ಹೇಳಿದ್ದೆ. ಅವನು ಹಗೇವನ್ನು ಕಣ್ಣಿಂದ ನೋಡಿದವನೂ ಅಲ್ಲ. ಮರುದಿನವೇ ಇದು ತನ್ನದೇ ಉಪಾಯ ಎಂದು ಕಂದೀಲು ಹಿಡಿದು ಸಾಹೇಬರ ಮುಂದೆ ನಿಂತ! ಈಗ ಅವನಿಗೆ ಕೆಂಪು ಹೆಲ್ಮೆಟ್, ಕೊರಳಲ್ಲಿ ಸೀಟಿ. ನಿನ್ನೆ ಸೈರನ್ ಹೊಡೆಸಿ ಎಲ್ಲರಿಗೂ ಅವನೇ ಅಭ್ಯಾಸ ಮಾಡಿಸಿದ. "ಕೆಳಗೆ ಕೂತ್ಕೋಬೇಡ್ರಪ್ಪಾ, ಟೆರೇಸಿಗೆ ಹತ್ತಿ! ಏ ದಸ್ತಗೀರ, ಬೇಗ ಬೇಗ!" ಎಂದು ನನಗೇ ಸೀಟಿ ಊದಿದ. ಕೊನೆಗೆ ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟಿದರು. ನನ್ನ ಹೊಟ್ಟೆ ಉರಿದುಹೋಯಿತು.

ನಾಳೆ ದೊಡ್ಡ ಸಾಹೇಬರ ಎದುರು ಅವನೊಬ್ಬನೇ ಕಂದೀಲು ಹಿಡಿದು ಕೆಳಗಿಳಿಯುತ್ತಾನಂತೆ. ದೀಪ ಉರಿಯುತ್ತಿದ್ದರೂ ಸೊಂಟಕ್ಕೆ ಹಗ್ಗ ಕಟ್ಟದೆ, ಅದರ ತುದಿ ಹಿಡಿಯಲು ಮೇಲೆ ಒಬ್ಬನನ್ನು ನಿಲ್ಲಿಸದೆ ನೀವು ಎಂದೂ ಇಳಿದವರಲ್ಲ. ಆ ಮಾತನ್ನು ಅವನಿಗೆ ಹೇಳಲಿಲ್ಲ. ಎರಡು ದಿನ ಹೊಟ್ಟೆಕಿಚ್ಚಿಗೆ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಸಂಜೆ ಸ್ಟೇಷನ್ ಹತ್ತಿರ ಹಗ್ಗ ಕೊಂಡೆ.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮಾಗೆ ಹೇಳಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಹಗ್ಗದ ತುದಿ ಹಿಡಿದು ಮೇಲೆ ನಿಲ್ಲುವವನು ನಾನೇ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಬ್ಬಾ.

ನಿಮ್ಮ ದಸ್ತಗೀರ